ಪರದೆಯೊಳಗೆ ಕುಳಿತ ಸಾಹೇಬ

ನಾನು ಒಮ್ಮೆ ಸತ್ತಿದ್ದೇನೆ. ೨೦೦೫ರ ಜೂನ್ ತಿಂಗಳ ಒಂದು ಸೋಮವಾರ, ನಡುಮಧ್ಯಾಹ್ನ, ಸುಮಾರು ಕಾಲು ಗಂಟೆಯ ಮಟ್ಟಿಗೆ. ಆ ಕಾಲು ಗಂಟೆಯಲ್ಲಿ ನನ್ನ ಬಗ್ಗೆ ಕೇಳಿಬಂದಷ್ಟು ಒಳ್ಳೆಯ ಮಾತು ಅದಕ್ಕೂ ಹಿಂದಿನ ನಲವತ್ತೆರಡು ವರ್ಷಗಳಲ್ಲಿ ಕೇಳಿರಲಿಲ್ಲ. ಆಮೇಲೂ ಕೇಳಲಿಲ್ಲ.

ಹೆಸರು ವಿರೂಪಾಕ್ಷ, ಊರು ಬೈಲಹೊಂಗಲ. ಆರೋಗ್ಯ ಇಲಾಖೆಯಲ್ಲಿ ಕಿರಿಯ ಆರೋಗ್ಯ ಸಹಾಯಕ. ತೊಂಬತ್ತೊಂದರಲ್ಲಿ ಕಿರಿಯನಾಗಿ ಸೇರಿದವನು ತಲೆ ನರೆತರೂ ಕಿರಿಯನೇ. ಮೊದಮೊದಲು ಸವದತ್ತಿ ತಾಲೂಕಿನ ಹಳ್ಳಿಗಳಲ್ಲಿ ಗೋಡೆಗಳಿಗೆ ಡಿಡಿಟಿ ಹೊಡೆಸುವ ಕೆಲಸ. ದೇವರ ಜಗಲಿ ಬಿಡಿ, ಅಡಿಗೆಮನೆ ಬಿಡಿ, ನಿನ್ನೆಯಷ್ಟೇ ಸಾರಿಸಿದ ಪಡಸಾಲೆ ಬಿಡಿ ಎಂದು ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಕೊನೆಗೆ ದನದ ಕೊಟ್ಟಿಗೆಯೊಂದೇ ನಮ್ಮ ಪಾಲಿಗೆ ಉಳಿಯುತ್ತಿತ್ತು. ನನ್ನ ಸೇವಾವಧಿಯಲ್ಲಿ ಒಂದು ಎತ್ತಿಗೂ ಮಲೇರಿಯಾ ಬರಲಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ.

ಆಮೇಲೆ ಮನೋಳಿಯ ಹತ್ತಿರ ಹೊಳೆದಂಡೆಯ ಒಂದು ಸಣ್ಣ ಊರಿಗೆ ನನ್ನನ್ನು ಹಾಕಿದರು. ಹೆಂಡತಿ ರಾಜೇಶ್ವರಿಯನ್ನು ಕರೆದುಕೊಂಡು ಅಲ್ಲೇ ಬಾಡಿಗೆ ಮನೆ ಹಿಡಿದೆ. ಜ್ವರ ಎಂದವರ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆದು ಪರೀಕ್ಷೆಗೆ ಕಳಿಸುವುದು, ನಿಂತ ನೀರಿಗೆ ಎಣ್ಣೆ ಬಿಡುವುದು, ಜನರಿಗೆ ಬುದ್ಧಿ ಹೇಳುವುದು ನನ್ನ ಕೆಲಸ. ಊರವರು ನನ್ನನ್ನು ಗುಂಗಾಡ ಸಾಹೇಬ ಎನ್ನುತ್ತಿದ್ದರು. ಗುಂಗಾಡ ಎಂದರೆ ನಮ್ಮ ಕಡೆ ಸೊಳ್ಳೆ. ಸೊಳ್ಳೆಯ ವೈರಿ ಎಂಬ ಗೌರವದಿಂದ ಹಾಗೆ ಕರೆಯುತ್ತಾರೆ ಎಂದು ಬಹಳ ದಿನ ನಂಬಿದ್ದೆ.

ಆ ವರ್ಷ ಮಳೆ ಜೋರಾಗಬಹುದು, ಹೊಳೆ ಬರಬಹುದು, ಹೊಳೆ ಬಂದುಹೋದ ಮೇಲೆ ಸೊಳ್ಳೆ ಏಳುತ್ತವೆ, ಮೊದಲೇ ತಯಾರಿ ಮಾಡಿಕೊಳ್ಳಿ ಎಂದು ನಮ್ಮ ಡಾಕ್ಟರು ಸಭೆಯಲ್ಲಿ ಹೇಳಿದರು. ಔಷಧಿಯಲ್ಲಿ ಅದ್ದಿದ ನಲವತ್ತು ಬಿಳಿ ಸೊಳ್ಳೆಪರದೆ ಕೊಟ್ಟರು. ಹಂಚಿದರಷ್ಟೇ ಸಾಲದು, ಜನರಿಗೆ ಕಟ್ಟಿ ತೋರಿಸಬೇಕು ಎಂದರು. ಇಷ್ಟು ಅವರ ಮಾತು. ಮುಂದಿನದೆಲ್ಲ ನನ್ನದೇ ಬುದ್ಧಿ.

ಬಸವಣ್ಣನ ಗುಡಿಯ ಮುಂದಿನ ಕಟ್ಟೆಯ ಮೇಲೆ ನಾಲ್ಕು ಬಿದಿರು ನಿಲ್ಲಿಸಿ ಪರದೆ ಕಟ್ಟಿದೆ. ಬರೀ ಪರದೆ ಇದ್ದರೆ ಯಾರು ನೋಡುತ್ತಾರೆ ಎಂದು ನಾನೇ ಒಳಗೆ ಪದ್ಮಾಸನ ಹಾಕಿ ಕುಳಿತೆ. ಸೋಮವಾರವಾದ್ದರಿಂದ ಹಣೆತುಂಬ ವಿಭೂತಿ ಇತ್ತು. ಪಂಚಾಯಿತಿ ಸದಸ್ಯ ಮಡಿವಾಳೆಪ್ಪ ಉದ್ಘಾಟನೆ ಎಂದರೆ ಹಾರ ಬೇಕೇ ಬೇಕು ಎಂದು ಚೆಂಡು ಹೂವಿನ ಮಾಲೆಯೊಂದನ್ನು ನನ್ನ ಕೊರಳಿಗೆ ಹಾಕಿದ. ಜನ ಚಪ್ಪಾಳೆ ತಟ್ಟಿ ಬಿತ್ತನೆಗೆ ಹೊಲಕ್ಕೆ ಹೋದರು. ದಾರಿಯಲ್ಲಿ ಹೋಗಿಬರುವವರಾದರೂ ನೋಡಲಿ ಎಂದು ನಾನು ಕುಳಿತೇ ಇದ್ದೆ. ಸೆಕೆ ವಿಪರೀತವಿತ್ತು. ಕಣ್ಣು ಮುಚ್ಚಿತು.

ನಮ್ಮಲ್ಲಿ ಲಿಂಗಾಯತರು ಸತ್ತವರನ್ನು ಮಲಗಿಸುವುದಿಲ್ಲ. ಪದ್ಮಾಸನದಲ್ಲಿ ಕೂಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಬಿದಿರಿನ ವಿಮಾನ ಕಟ್ಟಿ ಬಟ್ಟೆಯಿಂದ ಸಿಂಗರಿಸಿ ಕೂತಂತೆಯೇ ಒಯ್ಯುತ್ತಾರೆ. ಇದು ಹುಟ್ಟು ಲಿಂಗಾಯತನಾದ ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಗೊತ್ತಿರುವುದು ಬೇರೆ, ವೇಳೆಗೆ ತಲೆಗೆ ಹೊಳೆಯುವುದು ಬೇರೆ.

ಆ ಹೊತ್ತಿಗೆ ಚಚಡಿಯ ಬಸ್ಸಿಳಿದು ರಾಚವ್ವ ಬಂದಳು. ಎಪ್ಪತ್ತು ದಾಟಿದ ಮುದುಕಿ, ಒಂದು ಕಣ್ಣಿಗೆ ಪೊರೆ. ಸುತ್ತಲ ಐದಾರು ಊರಲ್ಲಿ ಯಾರೇ ಸಾಯಲಿ, ಹಾಡಿಕೊಂಡು ಅಳಲು ರಾಚವ್ವನೇ ಆಗಬೇಕು. ಅವಳು ಅತ್ತರೆ ಸತ್ತವನ ಸಾಲಗಾರರಿಗೂ ಕಣ್ಣೀರು ಬರುತ್ತಿತ್ತು. ಅಂದು ಚಚಡಿಯಲ್ಲಿ ಒಂದು ಮಣ್ಣು ಮುಗಿಸಿಕೊಂಡೇ ಬಂದಿದ್ದಳು, ದನಿ ಇನ್ನೂ ಆರಿರಲಿಲ್ಲ. ಕಟ್ಟೆಯ ಮೇಲೆ ನನ್ನನ್ನು ಕಂಡವಳು ಅಲ್ಲೇ ಕುಸಿದು ಎದೆ ಬಡಿದುಕೊಂಡು ಶುರುಮಾಡಿದಳು.

"ನಕ್ಕೋತ ನಕ್ಕೋತ ರಕ್ತಾ ತಗೀತಿದ್ಯಲ್ಲೋ ನನ್ನಪ್ಪಾ, ಒಂದ ಸಲಾನೂ ಸೂಜಿ ಜಾಸ್ತಿ ಚುಚ್ಚಲಿಲ್ಲಲ್ಲೋ. ಪರಊರಿಂದ ಬಂದು ನಮ್ಮ ಗಟಾರದಾಗ ಕೈ ಹಾಕಿದ್ಯಲ್ಲೋ."

ನನಗೆ ಎಚ್ಚರವಾಯಿತು. ಕೂಡಲೇ ಎದ್ದುಬಿಡಬೇಕಿತ್ತು. ಏಳಲಿಲ್ಲ. ಸುಳ್ಳೇಕೆ ಹೇಳಲಿ, ಹೊಗಳಿಕೆ ಇನ್ನೂ ಒಂದಿಷ್ಟು ಇದ್ದೀತು ಎಂದು ಕಣ್ಣು ಮುಚ್ಚಿಕೊಂಡೇ ಕಾದೆ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಒಂದು ಶಹಬ್ಬಾಸ್ ಕಂಡವನಲ್ಲ ನಾನು. ಆಕೆ ನನ್ನ ಸೈಕಲ್ಲನ್ನೂ ಬಿಡದೆ ಹೊಗಳಿದಳು. ಅಷ್ಟರಲ್ಲಿ ಹೆಂಗಸರು ಓಡಿಬಂದು ದನಿ ಕೂಡಿಸಿದರು. ಯಾರೋ ರಾಜೇಶ್ವರಿಗೆ ಹೇಳಿಕಳಿಸಿದರು. ಆಕೆ ಹಿಟ್ಟಿನ ಕೈಯಲ್ಲೇ ಓಡಿಬರುವುದು ರೆಪ್ಪೆಯ ಸಂದಿಯಲ್ಲಿ ಕಂಡಿತು. ಆಗ ಗಾಬರಿಯಾಗಿ ಎದ್ದು ನಿಂತೆ. ಪರದೆ ತಲೆಗೆ ಸಿಕ್ಕಿ ನಾಲ್ಕೂ ಬಿದಿರು ಕಿತ್ತುಬಂದವು. ಬಿಳಿ ಪರದೆ ಹೊದ್ದ ಹೆಣ ಕಟ್ಟೆಯಿಂದ ಇಳಿದು ಬರುವುದನ್ನು ಕಂಡು ಜನ ದಿಕ್ಕಾಪಾಲಾಗಿ ಓಡಿದರು.

ಅಂದು ರಾಜೇಶ್ವರಿ ನನ್ನನ್ನು ಹೊಸ್ತಿಲು ದಾಟಗೊಡಲಿಲ್ಲ. ಮಣ್ಣಿಗೆ ಹೋಗಿಬಂದವರಿಗೆ ಮಾಡಿದಂತೆ ಅಂಗಳದಲ್ಲೇ ತಲೆಯ ಮೇಲೆ ನೀರು ಸುರಿದಳು, ಬಹಳ ಹೊತ್ತು ಸುರಿದಳು. ಆಮೇಲೆ ಮೂರು ದಿನ ಮಾತಾಡಲಿಲ್ಲ. ಆಡಿದ ಮೊದಲ ಮಾತು, ಆ ದರಿದ್ರ ಪರದೆ ಈ ಮನೆಯೊಳಗೆ ಬರಕೂಡದು ಎಂಬುದು.

ಊರಲ್ಲಿ ಹಂಚಿದ ಪರದೆಗಳ ಗತಿಯೂ ಅದೇ ಆಯಿತು. ಕೆಲವು ಬದನೆ ಸಸಿಗಳ ಮೇಲೆ ಕಂಡವು, ಎರಡು ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದವು, ಒಂದು ಜೋಳದ ಕಣಿಕೆಯ ಬಣವೆ ಏರಿತ್ತು. ಮಿಕ್ಕ ಇಪ್ಪತ್ತಾರನ್ನು ಜನ ಮರ್ಯಾದೆಯಿಂದಲೇ ವಾಪಸು ತಂದುಕೊಟ್ಟರು. ಹೆಣದ ಪರದೆ ನಮಗೇಕೆ ಎಂದರು. ನಾನು ಅವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ತಯಾರಿ ಪೂರ್ಣಗೊಂಡಿದೆ ಎಂದು ಮೇಲಕ್ಕೆ ವರದಿ ಬರೆದೆ.

ಆಗಸ್ಟಿನಲ್ಲಿ ಹೊಳೆ ಬಂದೇ ಬಂತು. ಕೆಳಗಿನ ಓಣಿಯ ಮಣ್ಣಿನ ಗೋಡೆಗಳು ಒಂದೊಂದಾಗಿ ಕೂತವು. ಇಪ್ಪತ್ತು ಮನೆಯ ಜನ ದಿಬ್ಬದ ಮೇಲಿನ ಸಾಲೆಗೆ ಬಂದು ಸೇರಿದರು, ಅವರ ಆರೋಗ್ಯ ನೋಡಿಕೊಳ್ಳಲು ನಾನೂ ಟ್ರಂಕಿನ ಸಮೇತ ಅಲ್ಲೇ ಬಿಡಾರ ಹೂಡಿದೆ. ರಾಚವ್ವನ ಮನೆಯೂ ಬಿದ್ದಿತ್ತು. ಅವಳ ಜೊತೆ ಬಾಣಂತನಕ್ಕೆ ಬಂದಿದ್ದ ಮೊಮ್ಮಗಳು ಸಪ್ನಾ. ಹೊಳೆ ಬರುವ ಎರಡು ದಿನ ಮೊದಲು ಹೆತ್ತಿದ್ದಳು, ಹೆಣ್ಣು ಕೂಸು.

ನೀರು ಇಳಿದ ಮೇಲೆ ಎತ್ತ ನೋಡಿದರೂ ಹೊಂಡ. ನನ್ನ ಎಣ್ಣೆ ಒಂದು ಮೂಲೆಗೂ ಸಾಲಲಿಲ್ಲ. ಎರಡನೇ ವಾರಕ್ಕೆ ಸೊಳ್ಳೆ ಎದ್ದವು. ಮೂರನೇ ವಾರ ಸಾಲೆಯಲ್ಲಿದ್ದವರ ಪೈಕಿ ಬಸವಣ್ಣೆಪ್ಪನಿಗೂ ಪದ್ಮವ್ವನಿಗೂ ಚಳಿಜ್ವರ ಬಂತು, ಇಬ್ಬರ ರಕ್ತದಲ್ಲೂ ಮಲೇರಿಯಾ ಸಿಕ್ಕಿತು. ಅವರಿಗೆ ಗುಳಿಗೆ ಕೊಟ್ಟೆ. ಆದರೆ ಇಬ್ಬರೂ ಮಲಗುತ್ತಿದ್ದದ್ದು ಸಪ್ನಾ ಇದ್ದ ಕೋಣೆಯಲ್ಲೇ. ಕೂಸಿಗೆ ಇಪ್ಪತ್ತು ದಿನ. ಅಷ್ಟು ಸಣ್ಣ ಜೀವಕ್ಕೆ ಆ ಜ್ವರ ಬಂದರೆ ಏನಾಗುತ್ತದೆ ಎಂಬುದನ್ನು ನಾನು ಹಿಂದೆ ಒಂದು ಊರಲ್ಲಿ ಕಂಡಿದ್ದೆ. ಅದನ್ನು ನೆನೆದರೆ ಅನ್ನ ಸೇರುತ್ತಿರಲಿಲ್ಲ.

ರಾಚವ್ವ ತನಗೆ ಗೊತ್ತಿದ್ದ ಉಪಾಯ ಮಾಡುತ್ತಿದ್ದಳು. ಸಂಜೆಯಾದರೆ ಕುಳ್ಳಿನ ಕೆಂಡದ ಮೇಲೆ ಬೇವಿನ ತಪ್ಪಲು ಹಾಕಿ ಕೋಣೆಯ ತುಂಬ ಹೊಗೆ ಎಬ್ಬಿಸುತ್ತಿದ್ದಳು. ಸೊಳ್ಳೆ ಕಡಿಮೆಯಾಗುತ್ತಿದ್ದವು, ನಿಜ. ಆದರೆ ಹೊಗೆಗೆ ಕೂಸು ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿತ್ತು. ಹೊಗೆ ಆರಿಸಿದರೆ ಸೊಳ್ಳೆ, ಎಬ್ಬಿಸಿದರೆ ಕೆಮ್ಮು. ಸಪ್ನಾ ನನ್ನ ಬಳಿ ಬಂದು, ಪರದೆ ಇದ್ದರೆ ಕೊಡಿ, ಆಯಿಯನ್ನು ನೀವೇ ಒಪ್ಪಿಸಿ ಎಂದು ಅತ್ತಳು.

ದೀಪ ಹಚ್ಚುವ ಹೊತ್ತಿಗೆ ಟ್ರಂಕು ತೆಗೆದು ಒಂದು ಪರದೆ ಹಿಡಿದುಕೊಂಡು ಹೋದೆ. ರಾಚವ್ವ ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಇಪ್ಪತ್ತ ದಿನದ ಕೂಸಿಗೆ ವಿಮಾನ ಕಟ್ಟಾಕ ಬಂದೀರೇನ್ರಿ, ಸಾಹೇಬ್ರ?"

ನಾನು ಇಲಾಖೆಯ ಪುಸ್ತಕದಲ್ಲಿದ್ದದ್ದನ್ನೆಲ್ಲ ಒಪ್ಪಿಸಿದೆ. ಹೆಣ್ಣು ಸೊಳ್ಳೆಯೇ ಕಚ್ಚುತ್ತದೆ, ಸಂಜೆಯಿಂದ ಬೆಳಗಿನವರೆಗೆ ಕಚ್ಚುತ್ತದೆ, ಪರದೆಗೆ ತಾಗಿದರೆ ಸಾಯುತ್ತದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಒಂದೇ ಪ್ರಶ್ನೆ ಹಾಕಿದಳು.

"ನೀವು ಇದರಾಗ ಮಕ್ಕೊಂತೀರೇನ್ರಿ?"

ಹೂಂ ಎನ್ನಲು ಬಾಯಿ ತೆರೆದೆ. ಇಪ್ಪತ್ತು ಮನೆಯ ಜನ ನೋಡುತ್ತಿದ್ದರು. ಮೂರು ವಾರದಿಂದ ನಾನು ಎರಡನೇ ಕೋಣೆಯಲ್ಲಿ ಕೌದಿ ಹೊದ್ದು, ಸೊಳ್ಳೆ ಕಚ್ಚಿಸಿಕೊಳ್ಳುತ್ತ ಮಲಗಿದ್ದನ್ನು ಎಲ್ಲರೂ ಕಂಡಿದ್ದರು. ಇಪ್ಪತ್ತಾರು ಪರದೆಯ ಟ್ರಂಕು ನನ್ನ ತಲೆದಿಂಬಾಗಿತ್ತು. ಹೆಂಡತಿ ಬೇಡ ಎಂದದ್ದು ಒಂದು ನೆಪ. ರಾಚವ್ವ ಯಾರಿಗಾಗಿ ಅತ್ತಳೋ ಅವರು ಯಾರೂ ತಿರುಗಿ ಎದ್ದದ್ದಿಲ್ಲ ಎಂಬ ಮಾತು ಜೂನ್‌ನಿಂದ ನನ್ನ ಕರುಳಲ್ಲಿ ಕೂತಿತ್ತು. ಮತ್ತೊಮ್ಮೆ ಪರದೆಯೊಳಗೆ ಹೋದರೆ ಹೊರಗೆ ಬರುವುದಿಲ್ಲ ಎಂದು ನನಗೆ ಅನಿಸುತ್ತಿತ್ತು. ಇದೇ ಬಾಯಿಂದ ಸಾಲೆಯ ಮಕ್ಕಳಿಗೆ ಮೂಢನಂಬಿಕೆ ಬಿಡಿ ಎಂದು ಭಾಷಣ ಮಾಡಿದ್ದೆ.

"ಇಲ್ಲ ಆಯಿ," ಎಂದೆ. "ನನಗೂ ಅಂಜಿಕಿ ಐತಿ."

ಜನ ನಗಬಹುದು ಎಂದುಕೊಂಡೆ. ಯಾರೂ ನಗಲಿಲ್ಲ. ರಾಚವ್ವ ಪೊರೆ ಬಾರದ ಕಣ್ಣಿನಿಂದ ನನ್ನನ್ನು ನೋಡಿದಳು. ಕೂಸನ್ನು ಸಪ್ನಾಳ ಕೈಗೆ ಕೊಟ್ಟು, ಪರದೆ ಕಟ್ಟಲು ಹೇಳಿದಳು. ಕಿಟಕಿಯ ಸರಳಿಗೂ ಕರಿಹಲಗೆಯ ಮೊಳೆಗೂ ದಾರ ಬಿಗಿದು ಕಟ್ಟಿದೆವು.

"ನಾ ಕಟ್ಟಿದ ಅಳು, ನಾನ ಬಿಚ್ಚಬೇಕು," ಎಂದಳು. "ಹೆಣಾ ಕುಂದ್ರತೈತಿ, ಸಾಹೇಬ್ರ. ಜೀವ ಮಕ್ಕೊಂತೈತಿ. ಅವತ್ತ ನಿಮಗ ಕುಂದ್ರು ಅಂದವ್ರ ಯಾರು? ಒಳಗ ಹೋಗಿ ಕಾಲ ಚಾಚಿ ಮಕ್ಕೋರಿ."

ಇಷ್ಟೇ ಇತ್ತು. ಮಲಗಿ ತೋರಿಸಬೇಕಾದ ವಸ್ತುವನ್ನು ನಾನು ಕುಳಿತು ತೋರಿಸಿದ್ದೆ. ತೆವಳಿಕೊಂಡು ಒಳಗೆ ಹೋಗಿ ಅಂಗಾತ ಮಲಗಿದೆ. ರಾಚವ್ವ ಹೊರಗೆ ಕುಳಿತು, ಐದಾರು ಊರ ಸಾವಿಗೆ ಅತ್ತ ಅದೇ ದನಿಯಲ್ಲಿ ಜೋಗುಳ ಎತ್ತಿದಳು. ನಲವತ್ತೆರಡು ವರ್ಷದ, ಮೀಸೆಯ, ಸರ್ಕಾರಿ ನೌಕರನಿಗೆ ಜೋ ಜೋ ಎಂದಳು. ಈಗ ಜನ ನಕ್ಕರು. ಸಪ್ನಾ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಾನು ಹಾಗೇ ನಿದ್ದೆ ಹೋದೆನಂತೆ, ಗೊರಕೆಯೂ ಹೊಡೆದೆನಂತೆ. ಆಮೇಲೆ ನನ್ನನ್ನು ಎಬ್ಬಿಸಿ ಹೊರಹಾಕಿ, ಮುದುಕಿ ತನ್ನ ಕೈಯಾರೆ ಕೂಸನ್ನು ಒಳಗೆ ಮಲಗಿಸಿದಳು. ಬೆಳಗಾಗುವಷ್ಟರಲ್ಲಿ ಟ್ರಂಕು ಖಾಲಿಯಾಯಿತು. ನನಗೊಂದು ಪರದೆ ಉಳಿಯಲಿಲ್ಲ.

ಆ ಸಾಲೆಯಲ್ಲಿ ಮಲೇರಿಯಾ ಮೂವರಿಗೆ ಬಂತು. ಮೂರನೆಯವನು ಮುಂದಿನ ವಾರ ಗಡಗಡ ನಡುಗುತ್ತ, ಎಡಗೈ ಬೆರಳನ್ನು ತಾನೇ ಚುಚ್ಚಿಕೊಂಡು, ವಹಿಯಲ್ಲಿ ವಿರೂಪಾಕ್ಷ ಎಂದು ಬರೆದುಕೊಂಡ. ಕೂಸಿಗೆ ಏನೂ ಆಗಲಿಲ್ಲ.

ರಾಚವ್ವ ಹೋದದ್ದು ನಾಲ್ಕು ವರ್ಷದ ನಂತರ. ಸುದ್ದಿ ಕೇಳಿ ಹೋದೆ. ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡು ಹೂವಿನ ಹಾರ. ಹೆಂಗಸರು ಸುತ್ತ ಕೂತಿದ್ದರು, ಆದರೆ ಹಾಡಿ ಅಳುವವರು ಯಾರೂ ಇರಲಿಲ್ಲ. ಊರಲ್ಲಿ ಅದು ಬರುತ್ತಿದ್ದದ್ದು ಅವಳೊಬ್ಬಳಿಗೇ. ಸಪ್ನಾ ನನ್ನ ಮುಖ ನೋಡಿದಳು.

ನನಗೆ ಹಾಡು ಬರುವುದಿಲ್ಲ. ಗಂಡಸರು ಹಾಗೆ ಅಳುವ ಪದ್ಧತಿಯೂ ಇಲ್ಲ. ಆದರೂ ಅವಳ ಮುಂದೆ ನೆಲಕ್ಕೆ ಕೂತು, ಗೊತ್ತಿದ್ದದ್ದನ್ನೆಲ್ಲ ಹೇಳತೊಡಗಿದೆ. ನನ್ನ ಅಂಜಿಕೆ ಬಿಡಿಸಿದ್ದು ಹೇಳಿದೆ, ಸಾಹೇಬನಿಗೆ ಜೋಗುಳ ಹಾಡಿದ್ದು ಹೇಳಿದೆ. ಒಂದು ಕಣ್ಣಿನಲ್ಲಿ ಅವಳು ಕಂಡಷ್ಟು ನಾನು ಎರಡು ಕಣ್ಣಿನಲ್ಲಿ ಕಾಣಲಿಲ್ಲ ಎಂದೆ. ಹೇಳಿದ್ದನ್ನೇ ಮತ್ತೆ ಹೇಳಿದೆ. ಹೊಗಳಿಕೆ ಇನ್ನೂ ಒಂದಿಷ್ಟು ಇದ್ದೀತು ಎಂದು ಅವಳೂ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದರೆ ಎಂದು ನನ್ನಂಥವನಿಗೆ ಅನಿಸದೆ ಇರುತ್ತದೆಯೇ?

ಕಾಲು ಗಂಟೆಗೂ ಹೆಚ್ಚು ಹೊಗಳಿದೆ. ಅವಳು ಏಳಲಿಲ್ಲ.