ಒಳಗೆ ಗಂಟಲಮಾರಿ ಇದೆ

ಡಾಕ್ಟರ್ ಸಾಬರ ಬಲಗೈಯ ಎರಡು ಬೆರಳ ತುದಿಗಳು ಯಾವಾಗಲೂ ನೇರಳೆ ಬಣ್ಣಕ್ಕಿರುತ್ತಿದ್ದವು. ರೋಗಿಯ ಉಗುಳನ್ನೋ ಕೀವನ್ನೋ ಗಾಜಿನ ತುಂಡಿಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವ ಹುಚ್ಚು ಅವರಿಗೆ. ಭಾಲ್ಕಿಯ ದವಾಖಾನೆಯಲ್ಲಿ ಅಂಥದೊಂದು ಯಂತ್ರವಿದ್ದದ್ದೇ ಹೆಚ್ಚು. ಅದಕ್ಕೆ ಕಣ್ಣು ಹಚ್ಚಿ ಕೂತರೆ ಡಾಕ್ಟರ್ ಸಾಬರಿಗೆ ಊಟದ ಪರಿವೆಯೂ ಇರುತ್ತಿರಲಿಲ್ಲ. ‘ಸಾಬ್ರು ಮತ್ತ ನೇರಳಿಹಣ್ಣ ಕದ್ದ ತಿಂದಾರ ನೋಡ್ರಿ’ ಎಂದು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಎದುರಿಗೇ ಚಾಷ್ಟಿ ಮಾಡುತ್ತಿದ್ದಳು. ಅವರು ಬೆರಳನ್ನು ಶೇರವಾನಿಯ ಜೇಬಿಗೆ ಇಳಿಸಿ ನಗುತ್ತಿದ್ದರು.

ಹೈದರಾಬಾದಿನಲ್ಲಿ ಉರ್ದುವಿನಲ್ಲೇ ಡಾಕ್ಟರಿಕೆ ಓದಿದವರು. ರೋಗದ ಕ್ರಿಮಿಗಳಿಗೆ ಅವರ ಬಾಯಲ್ಲಿ ‘ಜರಾಸಿಮ್’ ಎಂಬ ಹೆಸರು. ನಮ್ಮ ಓಣಿಯವರು ಅದನ್ನು ‘ಜರಾಸಿಂಗ’ ಮಾಡಿಕೊಂಡರು. ಯಾರಿಗಾದರೂ ಜ್ವರ ಬಂದರೆ ‘ಅಂವಗ ಜರಾಸಿಂಗ ಹೊಕ್ಕಾನ’ ಎನ್ನುವರು, ಯಾವನೋ ಪುಂಡ ಮನೆಗೆ ನುಗ್ಗಿದ ಹಾಗೆ. ಸಾಬರು ಮೊದಮೊದಲು ತಿದ್ದಿದರು, ಆಮೇಲೆ ಅವರೂ ಜರಾಸಿಂಗ ಎನ್ನತೊಡಗಿದರು.

ನಿಜಾಮನ ರಾಜ್ಯ ಮುಗಿದ ಆ ವರ್ಷ ಜರಾಸಿಂಗ ನನಗೇ ಹೊಕ್ಕ. ಪೊಲೀಸ್ ಕಾರ್ಯಾಚರಣೆಗೆ ಭಾರತದ ಸೈನ್ಯ ಬರುವ ಕೆಲವೇ ದಿನ ಮುಂಚೆ ನನಗೆ ಗಂಟಲಮಾರಿ ಹತ್ತಿತು. ಗಂಟಲೊಳಗೆ ಬೂದು ಬಣ್ಣದ ಪೊರೆ ಬೆಳೆದು ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಸಾಬರು ದವಾಖಾನೆಯಲ್ಲಿ ಉಳಿದಿದ್ದ ಕಡೆಯ ಸೀರಮ್ಮಿನ ಬಾಟಲಿ ತಂದು ಚುಚ್ಚಿದರು. ಕುದುರೆಗೆ ಆ ಕ್ರಿಮಿಯ ವಿಷವನ್ನು ಸ್ವಲ್ಪ ಸ್ವಲ್ಪವೇ ಉಣಿಸಿದ ಹಾಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ವಿಷಹಾರಿಯನ್ನು ತೆಗೆದ ಔಷಧಿ ಅದು. ಪೊರೆ ಕಳಚಿತು, ಗಂಟಲು ಬಿಟ್ಟಿತು. ಎಲ್ಲರೂ ‘ಬದುಕಿತು ಕೂಸು’ ಅಂದರು. ಸಾಬರು ಮಾತ್ರ ನಗಲಿಲ್ಲ.

‘ಅಮ್ಮಾ, ಜರಾಸಿಂಗ ಗಂಟಲಾ ದಾಟಿ ಒಳಗ ಹೋಗೂದಿಲ್ರಿ. ಕಟ್ಟಿ ಮ್ಯಾಲೇ ಕೂತು ವಿಷ ಅಷ್ಟೇ ಒಳಗ ಕಳಸ್ತದ. ರಕ್ತದಾಗಿನ ವಿಷಾನ ಈ ದವಾ ಹಿಡೀತದ. ಎದಿಗೆ ಹೊಕ್ಕಿದ್ದನ್ನ ಹೊರಗ ತಗ್ಯೂ ದವಾ ನನ್ನ ಹಂತ್ಯಾಕ ಇಲ್ಲ. ಕೂಸು ಎದ್ದು ಕೂತ್ರೂ ಎದಿ ನಿಲ್ಲಬಹುದು’ ಎಂದು ಆಯಿಗೆ ಹೇಳಿದರು. ನನಗೆ ಹೇಳಿದ್ದು ಎರಡೇ ಮಾತು: ‘ಹಿಲೋ ನಕ್ಕೊ.’ ಅಲುಗಾಡಬೇಡ.

ನಾನೋ ಬಾಯಿಬಡುಕಿ, ಒಂದು ಕಡೆ ಕೂತವಳಲ್ಲ. ನೀರನ್ನೂ ಮಲಗಿದಲ್ಲೇ ಬತ್ತಿಯಿಂದ ಬಾಯಿಗೆ ಹಿಂಡುತ್ತಿದ್ದರು. ಆ ಅವಸ್ಥೆ ಶತ್ರುವಿಗೂ ಬೇಡ.

ಆ ಹೊತ್ತಿಗೆ ಊರಿನ ಹದ ಕೆಟ್ಟಿತ್ತು. ಅಲ್ಲಿಯವರೆಗೆ ನಿಜಾಮನ ಕಡೆಯ ರಜಾಕಾರರ ಹೆದರಿಕೆಗೆ ನಾವು ಬಾಗಿಲು ಹಾಕಿಕೊಳ್ಳುತ್ತಿದ್ದೆವು. ನನ್ನ ಸೋದರಮಾವನ ಮನೆಯನ್ನು ಅವರು ಸುಟ್ಟಿದ್ದರಿಂದ ಅವನು ಖಟಕ ಚಿಂಚೋಳಿಯಿಂದ ಬಂದು ನಮ್ಮಲ್ಲಿದ್ದ. ಸೈನ್ಯ ಬಂದ ಮೇಲೆ ಮುಸಲ್ಮಾನರ ಮನೆಗಳ ಬಾಗಿಲು ಮುಚ್ಚಿದವು. ಕಟ್ಟಿಗೆ, ಕೊಡಲಿ ಹಿಡಿದವರು ಓಣಿ ಓಣಿ ತಿರುಗಿದರು. ಊರಲ್ಲಿ ತಮ್ಮವರೆಂದು ಯಾರೂ ಇಲ್ಲದ ಸಾಬರನ್ನು ಆಯಿ ‘ಕೂಸಿನ ಎದಿ ನೋಡಾಕ ಬೇಕು’ ಎಂದು ನಮ್ಮ ಒಳಮನೆಗೇ ಕರೆತಂದಳು. ಮಾವ ಕೆಂಡವಾದ.

‘ಮನಿ ಸುಟ್ಟವರ ಪೈಕಿಯವನ್ನ ಮನ್ಯಾಗ ಇಟ್ಕೋತೀರೇನು?’

ಸಾಬರು ನನ್ನ ನಾಡಿ ಹಿಡಿದು ಕೂತಿದ್ದವರು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಪಾಟಿಯ ಮೇಲೆ ಒಂದು ತುದಿ ಉಬ್ಬಿದ ಕಡ್ಡಿಗಳನ್ನು ಬರೆದು, ನನ್ನ ಮುಖದ ಮೇಲೆ ಹಿಡಿದರು. ಇದೇ ನಿನ್ನ ಜರಾಸಿಂಗ, ಸುತ್ತ ಇದು ಅದರ ಗೋಡೆ, ಎಂದರು. ಆಮೇಲೆ ಮಾವನಿಗೆ ಕೇಳಿಸುವ ಹಾಗೆ, ‘ಇದೇ ಕುಲದಾಗ ವಿಷ ಇಲ್ಲದ್ದೂ ಇರ್ತಾವ. ಸುಮ್ಮನ ಗಂಟಲಾಗ ಕೂತು ಹೋಗ್ತಾವ. ಗಾಜಿನಾಗ ನೋಡಿದ್ರ ಎರಡೂ ಒಂದೇ’ ಅಂದರು.

‘ಹಂಗಾರ ಗುರ್ತ ಹ್ಯಾಂಗ ಹಿಡೀತೀರಿ?’ ಮಾವ ಕೇಳಿಯೇಬಿಟ್ಟ.

‘ಏನು ಮಾಡ್ತದ ಅದನ್ನ ನೋಡಬೇಕ್ರಿ. ಬ್ಯಾರೆ ದಾರಿ ಇಲ್ಲ.’

ಗಂಟಲಿನಿಂದ ಕಳಚಿದ್ದ ಪೊರೆ ಏನು ಎಂದು ನಾನು ಕೇಳಿದೆ. ನಮ್ಮ ಮೈಯ ಬಿಳಿ ಕಣಗಳು ಕ್ರಿಮಿಯನ್ನು ನುಂಗಲು ಹೋಗಿ ಅಲ್ಲೇ ಸಾಯುತ್ತವಂತೆ. ಆ ಪೊರೆಯಲ್ಲಿ ಕ್ರಿಮಿಗಿಂತ ಸತ್ತ ನಮ್ಮವೇ ಹೆಚ್ಚಂತೆ. ಅಷ್ಟು ಹೇಳಿದವರು ಪಾಟಿ ಒರೆಸಿ ಕೆಳಗಿಟ್ಟರು.

ಒಂದು ಮಧ್ಯಾಹ್ನ ಗುಂಪು ನಮ್ಮ ಬಾಗಿಲಿಗೇ ಬಂತು. ಅರ್ಧ ಜನ ಸಾಬರ ಕೈಯಲ್ಲಿ ಸೂಜಿ ಚುಚ್ಚಿಸಿಕೊಂಡವರೇ. ದನಿಯಿಂದಲೇ ನನಗೆ ಗುರುತು ಸಿಕ್ಕಿತು. ‘ಸಾಬ ಒಳಗ ಅದಾನೇನು?’

ಆಯಿ ಬಾಗಿಲನ್ನು ಅಗಲಕ್ಕೆ ತೆಗೆದಳು. ‘ಒಳಗ ಗಂಟಲಮಾರಿ ಅದ. ಮನ್ಯಾಗ ಮಕ್ಕಳಿದ್ದವರು ಮುಂದ ಬರ್ರಿ, ಬರ್ರಿ.’

ಗಂಟಲು ಸ್ವಚ್ಛವಾಗಿ, ಅಂಟುವ ಭಯವಿಲ್ಲವೆಂದು ಸಾಬರೇ ಹೇಳಿ ಹಲವು ದಿನಗಳಾಗಿದ್ದವು. ಮನೆಮಂದಿಗೆಲ್ಲ ಅದು ಗೊತ್ತಿತ್ತು. ಹೊರಗಿನವನೊಬ್ಬ ಮಾವನನ್ನು ಕೇಳಿದ: ‘ಖರೇ ಏನಪಾ? ನಿನ್ನ ಮನಿ ಸುಟ್ಟಾರ, ನೀ ಸುಳ್ಳು ಹೇಳಾಂವಲ್ಲ.’

ಮಾವ ಕೆಮ್ಮಿದ. ‘ಖರೇ ಅದ. ನಾನೂ ಹೊರಗೇ ಮಲಗಾಕತ್ತೇನಿ’ ಅಂದ. ಹೆಜ್ಜೆಗಳು ಹಿಂದಕ್ಕೆ ಸರಿದವು. ಒಳಗೆ ಸಾಬರು ನನ್ನ ಕೈ ಹಿಡಿದೇ ಇದ್ದರು.

ಅಂದಿನಿಂದ ನಾನು ಯಾರೂ ಹೇಳದಿದ್ದರೂ ಅಲುಗಾಡದೆ ಮಲಗಿದೆ. ನಾನು ಮಲಗಿರುವ ತನಕ ಮನೆಯಲ್ಲಿ ಗಂಟಲಮಾರಿ. ಗಂಟಲಮಾರಿ ಇರುವ ತನಕ ಸಾಬರಿಗೆ ಜೀವ. ಅದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಒಂದು ಬೆಳಗ್ಗೆ ಸಾಬರು ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು. ‘ಶಾಬಾಸ್. ಎದಿ ಗೆದ್ದದ. ಇವತ್ತು ನಡೀಬೇಕು’ ಅಂದರು.

ಆಯಿ ಅಡ್ಡ ಬಂದಳು. ‘ಇನ್ನ ಎಂಟ ದಿನ ಮಲಗಲಿ ಬಿಡ್ರಿ ಸಾಬ್ರ. ಓಣಿ ತಣ್ಣಗಾಗಲಿ.’

‘ಇಲ್ರಿ ಅಮ್ಮಾ. ಇನ್ನ ಮಲಗಿದ್ರ ಕಾಲು ಬತ್ತಿ ಹೋಗ್ತಾವ. ಕೂಸು ಕುಂಟಿ ಆಗ್ತದ.’

ಕುಂಟಿ ಎಂದ ಮೇಲೆ ಆಯಿ ದಾರಿ ಬಿಟ್ಟಳು. ಸಾಬರು ನನ್ನನ್ನು ಎತ್ತಿ ನಿಲ್ಲಿಸಿದರು. ಅವರ ತೋಳು ಹಿಡಿದು ಅಂಗಳ ದಾಟಿ ತಲೆಬಾಗಿಲಿಗೆ ಬಂದೆ. ಎದುರು ಮನೆಯವರು ನೋಡಿದರು. ಮರುದಿನ ನಸುಕಿಗೇ ಸಾಬರು ಠಾಣಾ ಕುಶನೂರಿನ ದಾರಿ ಹಿಡಿದರು. ಅಲ್ಲಿ ಅವರ ತಂಗಿಯ ಮನೆ. ಸೈನ್ಯ ಬಂದಾಗಿನಿಂದ ಅವಳ ಸುದ್ದಿಯಿರಲಿಲ್ಲ. ಗಾಡಿ ಹೂಡುತ್ತೇನೆಂದ ಮಾವನಿಗೆ ಕೈಮುಗಿದು, ಒಬ್ಬರೇ ನಡೆದರು.

ದೀಪಾವಳಿಯ ಹೊತ್ತಿಗೆ ಬುರ್ಖಾ ಹಾಕಿಕೊಂಡ ಹೆಂಗಸೊಬ್ಬಳು ನಮ್ಮ ಬಾಗಿಲಿಗೆ ಬಂದಳು. ಕುಶನೂರಿನ ಒಕ್ಕಲಿಗರ ಮನೆಯೊಂದು ಅವಳನ್ನೂ ಮಕ್ಕಳನ್ನೂ ಬಚ್ಚಿಟ್ಟು ಕಾಪಾಡಿತ್ತು. ‘ನಮ್ಮ ಅಣ್ಣಾ ಇಲ್ಲೇ ಅದಾರಂತಲ್ರಿ?’ ಎಂದು ಕೇಳಿದಳು. ಆಯಿ ಹೊಸಿಲ ಮೇಲೇ ಕುಸಿದು ಕೂತಳು. ಸಾಬರು ಕುಶನೂರು ಮುಟ್ಟಿರಲೇ ಇಲ್ಲ. ಎಲ್ಲಿ ಮಣ್ಣಾದರೋ ಇಂದಿಗೂ ಗೊತ್ತಿಲ್ಲ.

ಈಗ ನನಗೆ ಮೊಮ್ಮಕ್ಕಳಿದ್ದಾರೆ. ಎದೆ ತೋರಿಸಲು ಬೀದರಿಗೆ ಹೋದಾಗ ಅಲ್ಲಿಯ ಡಾಕ್ಟರನ್ನು ಕೇಳಿದೆ: ಅಂದು ಇನ್ನೆಂಟು ದಿನ ಮಲಗಿದ್ದರೆ ನನ್ನ ಕಾಲು ಹೋಗುತ್ತಿತ್ತೇನಪ್ಪ? ಅವರು ನಕ್ಕರು. ‘ಏನೂ ಆಗ್ತಿರಲಿಲ್ಲ ಅಜ್ಜಿ. ಅಂಥಾ ರೋಗದಾಗ ಮಲಗಿದಷ್ಟೂ ಚಲೋ’ ಎಂದರು.

ಹಾಗಾದರೆ ಅದು ಸಾಬರಿಗೂ ಗೊತ್ತಿತ್ತು. ಹುಡುಗಿಯೊಬ್ಬಳ ಹಾಸಿಗೆಯ ಮರೆಯಲ್ಲಿ ಬದುಕುವುದು ಸಾಕೆನಿಸಿತೋ, ತಂಗಿಯ ಚಿಂತೆ ತಡೆಯಲಾಗಲಿಲ್ಲವೋ, ಸುಳ್ಳು ಹೇಳಿ ನನ್ನನ್ನು ಎಬ್ಬಿಸಿದರು. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಎಂಟು ದಿನವೇನು, ಕೇಳಿದ್ದರೆ ವರ್ಷವಾದರೂ ಮಲಗಿರುತ್ತಿದ್ದೆ.