ಉಚ್ಚೆಗೆ ಸುಂಕ ಹಾಕಿದ ದೊರೆ

ಈ ಪರದೇಶದಲ್ಲಿ ಮೊಮ್ಮಗಳ ಶಾಲೆಯವರು ವರ್ಷಕ್ಕೊಮ್ಮೆ ಗೊಂಬೆ ಪ್ರದರ್ಶನ ಮಾಡುತ್ತಾರೆ. ನಮ್ಮ ದಸರಾ ಗೊಂಬೆಯಲ್ಲ, ಮಕ್ಕಳೇ ಗೊಂಬೆಗಳು. ಸತ್ತುಹೋದ ಯಾರಾದರೂ ದೊಡ್ಡ ಮನುಷ್ಯರ ವೇಷ ಹಾಕಿಕೊಂಡು ಮಿಸುಕದೆ ನಿಲ್ಲಬೇಕು. ಮುಂದೆ ಕೆಂಪು ಕಾಗದದ ಗುಂಡಿ ಅಂಟಿಸಿರುತ್ತಾರೆ. ಬಂದವರು ಅದನ್ನು ಒತ್ತಿದರೆ ಗೊಂಬೆ ಬಾಯಿ ಬಿಟ್ಟು ತನ್ನ ಕಥೆ ಹೇಳಬೇಕು. ಒಂಬತ್ತು ವರ್ಷದ ನಮ್ಮ ಹುಡುಗಿ ಚೀಟಿ ಎತ್ತಿದಾಗ ಬಂದವನು ಹಳೇ ರೋಮಿನ ಒಬ್ಬ ಚಕ್ರವರ್ತಿ. ಹೆಸರು ನನ್ನ ನಾಲಿಗೆಗೆ ಒಗ್ಗಲಿಲ್ಲ. ಪಟ್ಟಕ್ಕೆ ಬರುವ ಮೊದಲು ಹೇಸರಗತ್ತೆ ವ್ಯಾಪಾರ ಮಾಡಿದ್ದನಂತೆ. ನಾವಿಬ್ಬರೂ ಅವನನ್ನು ಹೇಸರಗತ್ತೆ ದೊರೆ ಎಂದೇ ಕರೆದೆವು.

ಕಷ್ಟ ಬೇರೆಯೇ ಇತ್ತು. ಮನೆಯಲ್ಲಿ ನನ್ನ ತಲೆ ತಿನ್ನುವ ಹುಡುಗಿ ಶಾಲೆಯಲ್ಲಿ ಮೂಗಿ. ಟೀಚರಿಂದ ಎರಡನೇ ಸಲ ಈಮೇಲ್ ಬಂದ ದಿನ ಮಗಳು ಪಾರ್ಸಿಪನಿ ಎಂಬ ಊರಿನ ಆಫೀಸಿನಿಂದ ಬಂದವಳು ಷೂಸ್ ಕೂಡ ಬಿಚ್ಚದೆ ಅಡುಗೆಮನೆಗೆ ನುಗ್ಗಿದಳು.

“ಅಮ್ಮ, ಇವ್ಳು ಕ್ಲಾಸಲ್ಲಿ ಒಂದ್ ವರ್ಡೂ ಮಾತಾಡಲ್ವಂತೆ. ಮನೇಲಿ ಯಾವ ಲ್ಯಾಂಗ್ವೇಜ್ ಅಂತ ಕೇಳಿದಾರೆ.”

“ಕನ್ನಡ ಅಂತ ಹೇಳು. ಕದ್ದು ತಂದಿದ್ದೇನಲ್ಲ.”

“ಜೋಕ್ ಮಾಡ್ಬೇಡ. ಆ ಪ್ರೋಗ್ರಾಂ ದಿನಾನೂ ಹೀಗೇ ಸುಮ್ನೆ ನಿಂತ್ರೆ ಮಾರನೇ ದಿನದಿಂದ ಮನೇಲಿ ಇಂಗ್ಲಿಷ್ ಓನ್ಲಿ. ನೀನೂ ಅಷ್ಟೇ.”

“ನಂಗೆ ಬರೋದು ಥ್ಯಾಂಕ್ಯೂ, ಸಾರಿ, ನೋ ಶುಗರ್. ಅಷ್ಟರಲ್ಲೇ ಮಗು ಸಾಕ್ಲಾ?”

“ಐಪ್ಯಾಡಲ್ಲಿ ಕಲ್ತ್ಕೋ. ಎಲ್ರೂ ಕಲೀತಾರೆ.”

ಮಗಳೂ ಅಳಿಯನೂ ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಈ ಮನೆಯಲ್ಲಿ ನನ್ನ ಮಾತಿಗೆ ಇರುವ ಕಿವಿ ಆ ಹುಡುಗಿಯದೊಂದೇ. ಅದೂ ಹೋದರೆ ನಾನು ಡಿಶ್‌ವಾಷರ್ ಜೊತೆ ಹರಟಬೇಕಾಗುತ್ತಿತ್ತು. ಹಾಗಾಗಿ ದೊರೆಯನ್ನು ನಾನೇ ಕೈಗೆ ತೆಗೆದುಕೊಂಡೆ. ಅವಳು ಲೈಬ್ರರಿ ಪುಸ್ತಕ ನೋಡಿ ಕನ್ನಡದಲ್ಲಿ ಹೇಳುವಳು. ನಾನು ಹುರುಳಿಕಾಯಿ ನಾರು ತೆಗೆಯುತ್ತಾ ಕೇಳಿ ತಿರುಗಿ ಒಪ್ಪಿಸಬೇಕು. ತಪ್ಪಿದರೆ ಬೈಯುವಳು.

ಅವನದು ದೊಡ್ಡ ಮನೆತನವಲ್ಲ. ಅಪ್ಪ ಸುಂಕ ವಸೂಲಿಯವನು. ಸಾಕಿದ್ದು ಅಜ್ಜಿ. ಈ ಒಂದು ಸಂಗತಿಯನ್ನು ಮಗಳಿಗೆ ಕೇಳುವಂತೆ ಎರಡು ಸಲ ಹೇಳಿದೆ, ಅವಳು ಫೋನಿನಲ್ಲಿದ್ದಳು. ಅಧಿಕಾರದ ಆಸೆಯಿಲ್ಲದೆ ಕೂತಿದ್ದವನನ್ನು ತಾಯಿ, ನೀನು ನಿನ್ನಣ್ಣನ ಆಳು ಎಂದು ಹಂಗಿಸಿ ಎಬ್ಬಿಸಿದಳಂತೆ. ಊರಿನ ಬೀದಿ ಚೊಕ್ಕಟ ಇಡಿಸುವ ಕೆಲಸ ಸಿಕ್ಕಿತು. ಅದನ್ನೂ ನೆಟ್ಟಗೆ ಮಾಡಲಿಲ್ಲ. ಆಗಿನ ತಿಕ್ಕಲು ದೊರೆ ಸಿಪಾಯಿಗಳಿಂದ ಇವನ ಮಡಿಲಿಗೆ ಕೆಸರು ತುಂಬಿಸಿದ. ಮುಂದೆ ಬಂದ ಇನ್ನೊಬ್ಬ ದೊರೆಗೆ ಹಾಡುವ ಚಟ. ಅವನು ಹಾಡುವಾಗ ಇವನು ನಿದ್ದೆ ಹೋಗಿ ಆಸ್ಥಾನದಿಂದ ಹೊರಬಿದ್ದ. ಇಲ್ಲಿನ ಪಿಸ್ಕಾಟವೇ ಊರಿನ ಸಂಗೀತ ಕಛೇರಿಗಳಲ್ಲಿ ನಮ್ಮ ಅಳಿಯ ಮಾಡುವುದೂ ಅದೇ. ಅವನನ್ನು ಇನ್ನೂ ಯಾರೂ ಹೊರಗೆ ಹಾಕಿಲ್ಲ.

ದೂರದ ಸೀಮೆಯಲ್ಲಿ ದಂಗೆ ಎದ್ದಾಗ ಆ ಹಾಡುಗಾರನೇ ಇವನನ್ನು ಕರೆಸಿ ಸೈನ್ಯ ಕೊಟ್ಟ. ಇಂಥ ಸಣ್ಣ ಕುಲದವನು ಸಿಂಹಾಸನಕ್ಕೆ ಕೈ ಹಾಕಲಾರ ಎಂಬ ಧೈರ್ಯ. ಆಮೇಲೆ ಹಾಡುಗಾರ ತನ್ನ ಕೈಯಾರೆ ಸತ್ತ. ಅವನ ಹಿಂದೆ ಮೂವರು ಬೇಗ ಬೇಗ ಕೂತು ಬೇಗ ಬೇಗ ಉರುಳಿದರು. ಕೊನೆಗೆ ಸಿಪಾಯಿಗಳು ಈ ಹೇಸರಗತ್ತೆಯವನನ್ನೇ ಕೂರಿಸಿದರು. ಲೆಕ್ಕಕ್ಕಿಲ್ಲದವನಿಗೆ ಇದೊಂದು ಅನುಕೂಲ, ಅವನನ್ನು ಯಾರೂ ಮೊದಲೇ ಕೊಂದಿರುವುದಿಲ್ಲ.

ಖಜಾನೆ ಬರಿದಾಗಿತ್ತು. ಆ ಊರಿನ ಅಗಸರು ಬೀದಿಬದಿಯ ಮೂತ್ರಾಲಯದಿಂದ ಉಚ್ಚೆ ಒಯ್ದು ಅದರಲ್ಲಿ ಬಟ್ಟೆ ಬೆಳ್ಳಗೆ ಮಾಡುತ್ತಿದ್ದರು. ದೊರೆ ಅದಕ್ಕೂ ಸುಂಕ ಹಾಕಿದ. ಮಗ ಅಸಹ್ಯಪಟ್ಟುಕೊಂಡಾಗ ಒಂದು ನಾಣ್ಯವನ್ನು ಅವನ ಮೂಗಿಗೆ ಹಿಡಿದು, ನಾರುತ್ತದೆಯೇ ಎಂದು ಕೇಳಿದ. ಇಲ್ಲ ಎಂದ ಮಗ. ಇದು ಅದರಿಂದಲೇ ಬಂದದ್ದು ಎಂದ ಅಪ್ಪ. ಈ ಜಾಗಕ್ಕೆ ಬಂದಾಗಲೆಲ್ಲ ಮೊಮ್ಮಗಳು ನೆಲದ ಮೇಲೆ ಹೊರಳಾಡಿ ನಗುತ್ತಿದ್ದಳು.

ಮಗಳು ನಗಲಿಲ್ಲ. “ಛೀ, ಆ ಪೀ ಟ್ಯಾಕ್ಸ್ ಎಲ್ಲ ಬೇಡ. ಎಲ್ಲಾ ಪೇರೆಂಟ್ಸೂ ಬರ್ತಾರೆ. ನಾನು ಅವನ ಲೀಡರ್‌ಶಿಪ್ ಬಗ್ಗೆ ಬರ್ದು ಕೊಡ್ತೀನಿ.”

“ದೇವರ ಗೂಡಿನ ಕೆಳಗೆ ಶೀಷೆಲಿ ಇಟ್ಟಿದೀಯಲ್ಲ, ಅದೇನು ಪನ್ನೀರಾ?” ಎಂದೆ. ಗೃಹಪ್ರವೇಶಕ್ಕೆಂದು ಇಂಡಿಯನ್ ಅಂಗಡಿಯಿಂದ ತಂದ ಗೋಮೂತ್ರ ಇನ್ನೂ ಅರ್ಧ ಶೀಷೆ ಉಳಿದಿತ್ತು.

“ಅದು ಬೇರೆ, ಅಮ್ಮ. ಅದು ಪ್ಯೂರಿಫಿಕೇಷನ್‌ಗೆ.”

“ಆ ಅಗಸರೂ ಪ್ಯೂರಿಫಿಕೇಷನ್‌ಗೇ ಒಯ್ತಿದ್ದಿದ್ದು.”

ಅವಳು ಎಂಟು ಸಾಲು ಇಂಗ್ಲಿಷ್ ಟೈಪ್ ಮಾಡಿ ಮಗುವಿನ ಕೈಗೆ ಕೊಟ್ಟಳು.

ವೇಷಕ್ಕೆ ಅಳಿಯನ ಮದುವೆ ಪಂಚೆ ತೆಗೆದು, ಮಡಚಿ, ಹೆಗಲಿಗೆ ಸೇಫ್ಟಿ ಪಿನ್ನು ಚುಚ್ಚಿದೆ. ಪ್ರದರ್ಶನದ ದಿನ ಶಾಲೆಯ ಜಿಮ್ಮಿನಲ್ಲಿ ಹುಡುಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಗೊಂಬೆಯಾಗಿ ಅವಳನ್ನು ಮೀರಿಸುವವರಿರಲಿಲ್ಲ. ಒಬ್ಬರು ಗುಂಡಿ ಒತ್ತಿದರು. ಮಾತಿಲ್ಲ. ಇನ್ನೊಬ್ಬರು ಒತ್ತಿದರು. ಮಾತಿಲ್ಲ. ಎಂಟು ಸಾಲೂ ಹಾರಿಹೋಗಿದ್ದವು. ಮಗಳ ಉಗುರು ನನ್ನ ತೋಳಿಗೆ ಇಳಿಯುತ್ತಿತ್ತು. ನಾಳೆಯಿಂದ ನನ್ನ ಬಾಯಿಗೂ ಬೀಗ ಎಂದುಕೊಂಡೆ.

ಪಕ್ಕದಲ್ಲಿ ವಿಮಾನ ಹಾರಿಸಿದ ಹೆಂಗಸಿನ ವೇಷದಲ್ಲಿದ್ದ ಹುಡುಗಿ ತನ್ನ ಜಾಗ ಬಿಟ್ಟು ಬಂದು ತಾನೂ ಒತ್ತಿದಳು. ಮೊಮ್ಮಗಳು ನನ್ನ ಕಡೆ ನೋಡಿದಳು. ನಾನು ಪರ್ಸಿನಿಂದ ಒಂದು ಕ್ವಾರ್ಟರ್ ನಾಣ್ಯ ತೆಗೆದು ನನ್ನ ಮೂಗಿಗೇ ಹಿಡಿದು ಮೂಸಿದೆ.

ಅವಳಿಗೆ ನಗು ತಡೆಯಲಾಗಲಿಲ್ಲ. ನಗುವಿನ ಹಿಂದೆ ಇಂಗ್ಲಿಷ್ ಹೊರಟಿತು, ನಿಲ್ಲಲೇ ಇಲ್ಲ. ನನಗೆ ಮಾತು ತಿಳಿಯದಿದ್ದರೂ ಕಥೆ ಎಲ್ಲಿಗೆ ಬಂತೆಂದು ಅವಳ ಕೈ ನೋಡಿ ಗೊತ್ತಾಗುತ್ತಿತ್ತು. ಹೊಟ್ಟೆ ಹಿಡಿದುಕೊಂಡಳು. ಅಂದರೆ ದೊರೆಗೆ ಭೇದಿ ಹತ್ತಿದೆ. ಮುಗಿಲು ನೋಡಿದಳು. ಅಂದರೆ, ಅಯ್ಯೋ, ನಾನು ದೇವರಾಗುತ್ತಿದ್ದೇನೆಂದು ಕಾಣುತ್ತದೆ ಎಂದು ಅವನು ತಮಾಷೆ ಮಾಡುತ್ತಿದ್ದಾನೆ. ಅಲ್ಲಿ ಸತ್ತ ದೊರೆಗಳನ್ನು ದೇವರು ಮಾಡುತ್ತಿದ್ದರು. ಬಗ್ಗಿ, ಮತ್ತೆ ನೆಟ್ಟಗಾದಳು. ದೊರೆಯಾದವನು ನಿಂತೇ ಸಾಯಬೇಕು ಎಂದು ಏಳಲು ಹೋಗಿ ಸತ್ತನಂತೆ. ಅವನು ಕಟ್ಟಲು ಹಿಡಿದ ಭಾರೀ ಕಾಳಗದ ರಂಗವನ್ನು ಜನ ಇವತ್ತಿಗೂ ದುಡ್ಡು ಕೊಟ್ಟು ನೋಡುತ್ತಾರೆ. ಅದಕ್ಕೆ ಅವನ ಹೆಸರಿಲ್ಲ. ಅವನ ಹೆಸರು ಅಂಟಿಕೊಂಡದ್ದು ಆ ಕಡೆಯ ದೇಶಗಳ ಬೀದಿಬದಿಯ ಮೂತ್ರಾಲಯಕ್ಕೆ.

ಗುಂಡಿಯ ಮುಂದೆ ಸಾಲು ಬೆಳೆಯಿತು. ಇದ್ದಕ್ಕಿದ್ದಂತೆ ಅಲ್ಲಿದ್ದವರೆಲ್ಲ ತಿರುಗಿ ನನ್ನ ಮಗಳನ್ನು ನೋಡಿದರು. ಯಾಕೆಂದು ಕಾರಿನಲ್ಲಿ ತಿಳಿಯಿತು.

“ಆ ಪೈಲಟ್ ವೇಷದ ಹುಡುಗಿ ‘ಹೂ ಬೈಸ್ ಪೀ?’, ಉಚ್ಚೆ ಯಾರು ಕೊಂಡ್ಕೋತಾರೆ ಅಂದ್ರೆ ಇವ್ಳು ‘ಮೈ ಮಾಮ್ ಡಸ್’, ನಮ್ಮಮ್ಮ ಅಂದ್ಲು. ಏನಕ್ಕೆ ಅಂತ ಟೀಚರ್ ಕೇಳಿದ್ರೆ ಲಿವಿಂಗ್ ರೂಮಲ್ಲಿ ಚಿಮುಕಿಸ್ತೀವಿ ಅಂದಿದಾಳೆ.”

“ಸುಳ್ಳೇನು ಹೇಳಿಲ್ವಲ್ಲ.”

“ಹಸೂದು ಅಂತ ಹೇಳೇ ಇಲ್ಲ, ಅಮ್ಮ.”

“ಎಲ್ರೂ ಬಟನ್ ಒತ್ತುತ್ತಾನೇ ಇದ್ರು. ಟೈಮ್ ಎಲ್ಲಿತ್ತು?” ಎಂದಳು ಮೊಮ್ಮಗಳು ಹಿಂದಿನ ಸೀಟಿನಿಂದ.

ಮಾರನೇ ದಿನ ಟೀಚರ್ ಈಮೇಲ್ ಬಂತು. ಮಗುವಿನ ಮಾತಿನ ಬಗ್ಗೆ ಇನ್ನು ಚಿಂತೆಯಿಲ್ಲವಂತೆ. ಮಗಳು ಅದನ್ನು ಓದಿ ಫೋನು ಕೆಳಗಿಟ್ಟು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು.

“ಇನ್ಮೇಲೆ ಈ ಮನೆ ವಿಷ್ಯ ಏನಿದ್ರೂ ಕನ್ನಡದಲ್ಲೇ ಮಾತಾಡ್ಕೊಳ್ಳಿ. ಇಂಗ್ಲಿಷಲ್ಲಿ ಒಂದಕ್ಷರ ಬೇಡ. ಆಚೆ ಹೋಗತ್ತೆ.”

ಆಚೆ ಹೋದದ್ದೂ ಕನ್ನಡದಲ್ಲಿ ಕೇಳಿದ ಮಾತೇ ಎಂದು ನಾನು ನೆನಪಿಸಲು ಹೋಗಲಿಲ್ಲ. ನಿನ್ನಿಷ್ಟ ಎಂದೆ.