ಹಟ್ಟಿಯ ಹೆಂಗಸರು ಹೊರಗಾದದ್ದು

ಎಪ್ಪತ್ತೈದನೇ ಇಸವಿ ಮಹಿಳೆಯರ ವರ್ಷವೆಂದು ಹಿರಿಯೂರಿನಲ್ಲಿ ಶಾಮಿಯಾನ ಹಾಕಿ ಭಾಷಣ ಮಾಡಿದರು. ವೇದಿಕೆಯ ಮೇಲೆ ಕುಳಿತವರೆಲ್ಲ ಗಂಡಸರೇ. ಹೆಣ್ಣು ಭೂಮಿತಾಯಿಯಂತೆ ಎಲ್ಲವನ್ನೂ ತಾಳಿಕೊಳ್ಳುತ್ತಾಳೆಂದು ಹೊಗಳಿ, ಹೆಂಗಸರು ಮಾಡಿಟ್ಟ ಉಪ್ಪಿಟ್ಟು ತಿಂದು ಎದ್ದರು. ಅದೇ ಮಳೆಗಾಲದಲ್ಲಿ ಧರ್ಮಪುರದ ಕಡೆಯ ಒಂದು ಕುರಿಗಾಹಿ ಹಟ್ಟಿಯಲ್ಲಿ ಚಿತ್ತಮ್ಮ ತಾಳಿಕೊಳ್ಳುವುದನ್ನು ಬಿಟ್ಟಳು.

ಆ ಹಟ್ಟಿಯ ಸುತ್ತ ಮುಳ್ಳುಬೇಲಿ. ಒಳಗೆ ದೇವರು, ಕುರಿ, ಗಂಡಸರು. ಮುಟ್ಟಾದವಳೂ ಹೆತ್ತವಳೂ ಬೇಲಿಯಾಚೆಯ ಗುಡ್ಲಿನಲ್ಲಿರಬೇಕು. ಅವಳನ್ನು ಯಾರೂ ಮುಟ್ಟುವಂತಿಲ್ಲ. ಮುದ್ದೆಯನ್ನು ದೂರದಲ್ಲಿಟ್ಟು ಬರಬೇಕು. ಕುರಿ ಈದರೆ ಮಾತ್ರ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಮನೆಯೊಳಗೇ ಒಲೆಯ ಪಕ್ಕ ಮಲಗಿಸುತ್ತಿದ್ದರು. ಚಿತ್ತಮ್ಮನ ಚೊಚ್ಚಲು ಗಂಡುಕೂಸು ಆ ಗುಡ್ಲಿನಲ್ಲೇ ಥಂಡಿ ಹತ್ತಿ ಸತ್ತಿತ್ತು. ಆಗ ಗಂಡ ಕಾಟಯ್ಯ ಬೇಲಿಯೊಳಗಿಂದಲೇ "ಅಳಬ್ಯಾಡ" ಎಂದಿದ್ದ. ಆಮೇಲೆ ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ. ಬೈದದ್ದನ್ನು ಎಲ್ಲರೂ ಕೇಳಿದರು.

ಈಗ ಮಗಳು ಕಾಳಕ್ಕ ಅದೇ ಗುಡ್ಲಿನಲ್ಲಿ ಹೆಣ್ಣು ಹೆತ್ತಿದ್ದಳು. ಮಳೆ ಹಿಡಿಯಿತು, ಸೂರು ಸೋರಿತು, ಕೂಸು ಕೆಮ್ಮತೊಡಗಿತು. ಚಿತ್ತಮ್ಮ ಪೂಜಾರಿ ಜುಂಜಯ್ಯನ ಮುಂದೆ ಹೋಗಿ ನಿಂತಳು. ತನಗೆ ಸೀನು ಬಂದರೂ ದೇವರೇ ಸೀನಿಸಿದ್ದೆಂದು ನಂಬಿದ್ದ ಮನುಷ್ಯ ಆತ.

"ಕೂಸಿಗೆ ಕೆಮ್ಮು, ಪೂಜಾರಪ್ಪ. ಇಬ್ರನ್ನೂ ಒಳಗೆ ಕರ್ಕಂಬರ್ತೀನಿ."

"ದೇವ್ರು ಒಪ್ಪಲ್ಲಮ್ಮ."

"ದೇವ್ರನ್ನ ಕೇಳ್ದ್ಯೇನಪ್ಪ?"

"ಕೇಳೋದೇನೈತೆ? ನಂಗೊತ್ತಿಲ್ವಾ?"

ಅಷ್ಟಕ್ಕೇ ಸುಮ್ಮನಾಗಿದ್ದರೆ ಜುಂಜಯ್ಯನ ದೊಡ್ಡಸ್ತಿಕೆ ಉಳಿಯುತ್ತಿತ್ತು. ಹಟ್ಟಿಗೆಲ್ಲ ಕೇಳುವಂತೆ ತೀರ್ಪನ್ನೂ ಕೊಟ್ಟುಬಿಟ್ಟ: "ಬಾಣಂತೀನ ಮುಟ್ಟಿದೋರು ಯಾರೇ ಆಗ್ಲಿ, ಅವಳ ಸೂತಕ ಕಳಿಯೋಗಂಟ ಬೇಲಿಯೊಳಗೆ ಕಾಲಿಡಂಗಿಲ್ಲ!"

ಚಿತ್ತಮ್ಮ ನೆಟ್ಟಗೆ ಗುಡ್ಲಿಗೆ ಹೋಗಿ ಕೂಸನ್ನು ಮಡಿಲಿಗೆ ಹಾಕಿಕೊಂಡಳು. ಪಕ್ಕದ ಮನೆಯ ನಿಂಗಕ್ಕ ಒಂದು ಮೊರ ರಾಗಿಹಿಟ್ಟು ಹಿಡಿದು ಹಿಂದೆಯೇ ಬಂದಳು. ಅವಳೂ ಅಲ್ಲೊಂದು ಕೂಸನ್ನು ಕಳಕೊಂಡವಳು. "ನಾನೂ ಮುಟ್ಟಿದೆ ಕಣೇ" ಎಂದು ಕಾಳಕ್ಕನ ಕೆನ್ನೆ ಸವರಿದಳು. ಆಮೇಲೆ ಒಬ್ಬೊಬ್ಬರೇ ಕಂಬಳಿ, ಗಡಿಗೆ, ಸೌದೆ ಹೊತ್ತು ಬೇಲಿ ದಾಟಿದರು. ಕೊನೆಗೆ ಬಂದವಳು ಜುಂಜಯ್ಯನ ಹೆಂಡತಿ. "ನಂಗೂ ಒಂದೀಟು ಜಾಗ ಬಿಡ್ರೇ. ಆ ಮನುಷ್ಯನ ಮಡಿ ತೊಳ್ದು ತೊಳ್ದು ಕೈ ಸವೆದೈತೆ" ಎಂದಳು.

ಸೂರಿನ ಮೇಲೆ ಕಂಬಳಿ ಹರಡಿದರು, ಕೆಂಡ ಮಾಡಿ ಕೂಸಿಗೆ ಶಾಖ ಕೊಟ್ಟರು. ಹುರುಳಿಸಾರಿನ ಘಮ ಬೇಲಿ ದಾಟಿ ಒಳಗೆ ಹೋಯಿತು. ಅದಕ್ಕೆ ಮಾತ್ರ ಯಾವ ಮೈಲಿಗೆಯೂ ತಟ್ಟಲಿಲ್ಲ.

ಒಳಗಿನಿಂದ ಕಾಟಯ್ಯ ಕೂಗಿದ: "ಲೇ, ಮುದ್ದೆ ಬರೀ ಗಂಟಾಗ್ತೈತಲ್ಲೇ, ಏನ್ ಮಾಡಾಣ?"

"ದೇವ್ರನ್ನ ಕೇಳು!" ಹೆಂಗಸರೆಲ್ಲ ಒಟ್ಟಿಗೆ ಕೂಗಿದರು.

ಮಾರನೆಯ ದಿನ ಜುಂಜಯ್ಯ ನಿಜವಾಗಿಯೂ ಕೇಳಿದ. ದೇವರ ಹೂ ಬಲಕ್ಕೆ ಬಿತ್ತಂತೆ. ಬೇಲಿಯ ಬಳಿ ಬಂದು, ಗಂಟಲು ಸರಿಮಾಡಿಕೊಂಡು, "ದೇವ್ರು ಒಪ್ಪೈತೆ. ಬಾಣಂತಿ ಜಗಲೀಲಿ ಇರ್ಲಿ. ನೀವೆಲ್ಲ ಒಳಗೆ ಬರ್ರಿ" ಎಂದ.

ಹೆಂಗಸರು ನಕ್ಕರು. ಚಿತ್ತಮ್ಮ ನಗಲಿಲ್ಲ.

"ನನ್ ಕೂಸು ನೀಲಿಗಟ್ಟಿದ್ದಾಗ್ಲೂ ಇದೇ ದೇವ್ರಿದ್ದ, ಇದೇ ಹೂವಿತ್ತು. ಯಾಕೆ ಬೀಳ್ಲಿಲ್ಲ? ಅವತ್ತು ನಿಮಗೆ ಹಸಿವಾಗಿರ್ಲಿಲ್ಲ, ಜುಂಜಯ್ಯ! ದೇವ್ರ ಹೆಸರು ಹೇಳ್ಬ್ಯಾಡ. ನಮ್ಮ ಮೈಗೆ ಬೇಲಿ ಹಾಕಿದೋರು ನೀವು. ಈ ಮೈಯಿಂದ್ಲೇ ಬಿದ್ದೋರು ನೀವು!"

"ಈಗೇನ್ ಮಾಡ್ಬೇಕಂತೀಯ?"

"ಬಂದು ಈ ಗುಡ್ಲು ಕೀಳ್ರಿ."

"ಅದನ್ನ ಮುಟ್ಟಿದ್ರೆ ಮೈಲಿಗೆ..."

"ಆಗ್ಲಿ. ಹೊರಗೆ ಬೇಕಾದಷ್ಟು ಜಾಗ ಐತೆ."

ಕಾಟಯ್ಯ ಬೇಲಿ ದಾಟಿ ಬಂದು ಗುಡ್ಲಿನ ಮೊದಲ ಬಿದಿರ ಗಳು ಕಿತ್ತ. "ಈಗ ಬಂದ್ಯಾ" ಎಂದಳು ಚಿತ್ತಮ್ಮ. ಆ ಎರಡು ಮಾತಿನಲ್ಲಿ ಕ್ಷಮೆ ಇರಲಿಲ್ಲ. ಗಳುಗಳನ್ನು ಮುರಿದು ಮನೆಯ ಒಲೆಗೆ ತುರುಕಿ ಮೊಮ್ಮಗಳ ಸ್ನಾನಕ್ಕೆ ನೀರಿಟ್ಟಳು.

ಮರುವರ್ಷ ಗಂಡಸರು ಹಟ್ಟಿಯ ಇನ್ನೊಂದು ಮಗ್ಗುಲಲ್ಲಿ ಹೊಸ ಗುಡ್ಲು ಎಬ್ಬಿಸಿದರು. ಚಿತ್ತಮ್ಮ ಅದನ್ನು ಸುತ್ತಿ ನೋಡಿ, "ಒಣ ಗಳು ಹಾಕವ್ರೆ, ಚೆನ್ನಾಗಿ ಉರಿತಾವೆ" ಎಂದು ಕುಡುಗೋಲು ತರಲು ಹೋದಳು.